ಬಲಗಡೆ ಅಳೆದು ಎಡಗಡೆ ಕತ್ತರಿಸಿದ್ದು

ನಮ್ಮ ಅತ್ತೆಯನ್ನು ಬೀದಿಯವರು ಟೇಪಮ್ಮ ಎನ್ನುತ್ತಾರೆ. ಕೊರಳಲ್ಲಿ ಹಳದಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರು ಯಾರೂ ಇಲ್ಲ. ಅಪ್ಪನ ತಂಗಿ, ವಯಸ್ಸು ಅರವತ್ತೊಂದು. ಕೆಳಗಿನ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ: ಎರಡು ಮೆಷಿನ್ನು, ಒಂದು ಉದ್ದ ಮೇಜು, ಗೋಡೆಯಿಂದ ಗೋಡೆಗೆ ಹಾಕಿದ ಕಬ್ಬಿಣದ ಸರಳಿನಲ್ಲಿ ಸಾಲಾಗಿ ತೂಗುವ ಬಟ್ಟೆಗಳು. ಮಹಡಿಯ ಮೇಲೆ ಅಪ್ಪ, ಅಮ್ಮ ಮತ್ತು ನಾನು. ನನ್ನದು ಔಷಧಿ ಅಂಗಡಿಯಲ್ಲಿ ಕೆಲಸ. ಅಲ್ಲಿ ಒಂದಕ್ಕೆ ಇನ್ನೊಂದು ಕೊಟ್ಟರೆ ಜೀವಕ್ಕೆ ಸಂಚಕಾರ, ಹಾಗಾಗಿ ಬರೆಯುವಾಗಲೂ ಉಪ್ಪು ಖಾರ ಸೇರಿಸುವ ಅಭ್ಯಾಸ ನನಗಿಲ್ಲ.

ಅಳತೆ ತೆಗೆಯುವಾಗ ಅತ್ತೆಯ ಪದ್ಧತಿ ಒಂದೇ. ಬಾಯಲ್ಲಿ ಗುಂಡುಸೂಜಿ, ಕಣ್ಣು ಟೇಪಿನ ಮೇಲೆ, ಪಕ್ಕದಲ್ಲಿ ಯಾರು ನಿಂತಿದ್ದರೂ ಅವರಿಗೊಂದು "ಬರ್ಕೋ". ಭುಜ ಹದಿನಾರೂವರೆ, ಬರ್ಕೋ. ಎದೆ ಮೂವತ್ತೆಂಟು, ಬರ್ಕೋ. ನಾನು ಅಕ್ಷರಕ್ಕಿಂತ ಮೊದಲು ಅರ್ಧ, ಕಾಲು, ಮುಕ್ಕಾಲು ಕಲಿತದ್ದು ಹಾಗೆಯೇ. ಬ್ಯಾಂಕ್ ಮ್ಯಾನೇಜರೂ ಬರೆದುಕೊಂಡಿದ್ದಾರೆ, ಬಟ್ಟೆ ಇಸ್ತ್ರಿ ಮಾಡುವವನೂ ಬರೆದುಕೊಂಡಿದ್ದಾನೆ. ನಮ್ಮ ಅಪ್ಪ ಒಬ್ಬರಿಗೆ ಮಾತ್ರ ಅವಳು ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ನಿವೃತ್ತ ಹೆಡ್ ಮಾಸ್ತರು. ಬೀದಿಗೆಲ್ಲ ಬುದ್ಧಿ ಹೇಳುವವರು, ಯಾರ ಮಾತನ್ನೂ ಬರೆದುಕೊಳ್ಳುವವರಲ್ಲ.

ನಮ್ಮ ಅಂಗಳದ ಶೆಡ್ಡಿನಲ್ಲಿದ್ದ ಕಾರಿನ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಲವತ್ತೊಂದು ವರ್ಷದ ಹಿಂದೆ ಅತ್ತೆಗೆ ಇಪ್ಪತ್ತಾಗಿದ್ದಾಗ, ಅಪ್ಪ ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ಕಾರನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಸಲು ಹೋದರಂತೆ. ಅವಳು ಗೇಟಿನ ಕಲ್ಲುಕಂಬಕ್ಕೆ ಗುದ್ದಿದಳು. ಹಿಂದಿನ ಬಂಪರಿನ ಬಲಮೂಲೆ ಒಳಕ್ಕೆ ಹೋಯಿತು, ಕಂಬದ ಗಾರೆ ಅಂಗೈಯಷ್ಟು ಉದುರಿತು. ಪರಸ್ಥಳಕ್ಕೆ ಹೋಗಿದ್ದ ಅಜ್ಜ ಬಂದು ಓಡಿಸಿ ನೋಡಿದರೆ, ಸ್ಟೇರಿಂಗ್ ನೇರ ಹಿಡಿದರೂ ಕಾರು ಎಡಕ್ಕೇ ಹೋಗುತ್ತಿತ್ತು. ಮೆಕ್ಯಾನಿಕ್ ಬಂದು, ಗಾಡಿ ತಿರುಚಿಕೊಂಡಿದೆ, ಇನ್ನು ಎಷ್ಟು ಟೈರು ಹಾಕಿದರೂ ತಿನ್ನುತ್ತದೆ ಎಂದ. ಅಜ್ಜ ಬಂಪರನ್ನು ನೋಡಿದರು, ಮಗಳನ್ನು ನೋಡಿದರು. "ಹೊಲಿಗೆ ಮೆಷಿನ್ ಬಿಟ್ಟು ಬೇರೆ ಯಾವ ಮೆಷಿನ್ನೂ ಇವಳ ಕೈಗೆ ಕೊಡಬೇಡಿ" ಎಂದರು. ಕಾರನ್ನು ಶೆಡ್ಡಿಗೆ ತಳ್ಳಿಸಿದರು. ಮಾರಲೂ ಇಲ್ಲ. ಕಣ್ಣೆದುರಿಗಿರಲಿ, ಬುದ್ಧಿ ಬರಲಿ ಎಂದು ಹಾಗೇ ಬಿಟ್ಟರು.

ಅಜ್ಜ ಹೋಗಿ ಕಾಲವಾಯಿತು, ಅವರ ಮಾತು ಹೋಗಲಿಲ್ಲ. ಮಿಕ್ಸಿ ಕೆಟ್ಟರೆ "ಟೇಪಮ್ಮ ಮುಟ್ಟಿದ್ಲಾ?" ಎನ್ನುವುದು ನಮ್ಮ ಮನೆಯ ಹಾಸ್ಯ. ಎದುರಿನ ದಿನಸಿ ಅಂಗಡಿಯವರಂತೂ ಅವಳು ಗೇಟು ತೆಗೆದಾಗಲೆಲ್ಲ "ಕಂಬ ಜೋಪಾನ!" ಎಂದು ಕೂಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ತಪ್ಪು ತನ್ನದೇ ಎಂದು ನಂಬಿದ್ದಳಲ್ಲ. ಈಗ ನೆನೆದರೆ ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಹೋದ ವರ್ಷ ಅಪ್ಪ ಶೆಡ್ಡು ಖಾಲಿ ಮಾಡಿಸಲು ಗುಜರಿಯವನನ್ನು ಕರೆಸಿದರು. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟ ಕೂಡಲೇ ಅತ್ತೆ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು. ಪಾಪ, ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅಣ್ಣ, ಅದನ್ನ ನನಗೆ ಕೊಡು."

"ನಿನಗ್ಯಾಕೆ?"

"ಕೆಡಿಸಿದ್ದು ನಾನು ತಾನೇ? ಸರಿ ಮಾಡೋದೂ ನಾನೇ."

ಅಪ್ಪ ಮಹಡಿ ಮೆಟ್ಟಿಲ ಮೇಲಿಂದಲೇ ನಕ್ಕರು. "ಸ್ಪ್ಯಾನರ್ ಯಾವುದು, ಸೌಟು ಯಾವುದು ಅಂತ ಗೊತ್ತಾ ನಿನಗೆ?"

"ಹಿಡಿದ್ರೆ ಗೊತ್ತಾಗುತ್ತೆ. ಆದ್ರೆ ಒಂದು ಮಾತು ಈಗ್ಲೇ ಹೇಳಿರ್ತೀನಿ. ಇದು ಓಡೋ ದಿನ ಗೇಟಿಂದ ಆಚೆ ತೆಗೆಯೋಳು ನಾನು. ಹಿಂದಕ್ಕೇ ತೆಗೀತೀನಿ, ಅದೇ ಕಂಬದ ಪಕ್ಕ. ಕಂಬ ತಾಗಿದ್ರೆ ಮಾರನೇ ದಿನವೇ ಇವನನ್ನ ಕರೆದು ತೂಕಕ್ಕೆ ಹಾಕಿಸಿಬಿಡು."

ಅಪ್ಪ ಒಪ್ಪಿದರು. ವಾರದಲ್ಲಿ ಹುಚ್ಚು ಇಳಿಯುತ್ತದೆ ಎಂದು ಅಮ್ಮನ ಹತ್ತಿರ ಹೇಳಿದರು. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಹುಚ್ಚು ಇಳಿಯಲಿಲ್ಲ. ಬೆಳಿಗ್ಗೆ ಹತ್ತರವರೆಗೆ ಕಾರು, ಆಮೇಲೆ ಗಿರಾಕಿಗಳ ಬಟ್ಟೆ, ಮತ್ತೆ ಸಂಜೆ ಬೆಳಕಿರುವವರೆಗೆ ಕಾರು. ಹಳೆಯ ಪುಸ್ತಕದಂಗಡಿಯಿಂದ ಆ ಕಾಲದ ಒಂದು ರಿಪೇರಿ ಪುಸ್ತಕ ತಂದಳು. ಭಾಷೆ ಅರ್ಧ ಅರ್ಥವಾಗುತ್ತಿತ್ತು, ಚಿತ್ರ ಪೂರ್ತಿ ಅರ್ಥವಾಗುತ್ತಿತ್ತು. "ಬಟ್ಟೆ ಕತ್ತರಿಸೋ ಪುಸ್ತಕದ ಹಾಗೇ ಇದೆ ಕಣೇ, ಮುಂಭಾಗ, ಹಿಂಭಾಗ, ಒಳಮಗ್ಗುಲು" ಎಂದಳು. ಎಂಜಿನ್ನು ತುಕ್ಕಿಗೆ ಬಿಗಿದುಕೊಂಡು ಕಲ್ಲಾಗಿತ್ತು. ಪ್ಲಗ್ಗು ಬಿಚ್ಚಿ, ಸೀಮೆಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿ ಆ ತೂತುಗಳಿಗೆ ಹೊಯ್ದು, ದಿನಕ್ಕೊಮ್ಮೆ ಎಂಜಿನ್ನು ತಿರುಗಿಸುವ ಮುಂದಿನ ಹ್ಯಾಂಡಲ್ ಹಾಕಿ ಎರಡು ಕೈಯಿಂದ ಒತ್ತಿ ನೋಡುತ್ತಿದ್ದಳು. ಹತ್ತೊಂಬತ್ತನೇ ದಿನ ಅದು ಬೆರಳಿನಷ್ಟು ಅಲುಗಿತು. ಅವಳು ಒಳಗೆ ಬಂದು ಕೈ ತೊಳೆದು, ಗಿರಾಕಿಯೊಬ್ಬಳ ರವಿಕೆಗೆ ಹುಕ್ಕು ಹಾಕಲು ಕೂತಳು. ನಾನು ಕೇಳಿದ ಮೇಲೇ ಹೇಳಿದ್ದು.

ಪೆಟ್ರೋಲ್ ಟ್ಯಾಂಕಿಗೆ ಒಂದು ಹಿಡಿ ನಟ್ಟು ಹಾಕಿ ಹಾಸಿಗೆಯಲ್ಲಿ ಸುತ್ತಿ ಅಂಗಳದುದ್ದಕ್ಕೂ ಉರುಳಿಸಿದಳು, ಒಳಗಿನ ತುಕ್ಕೆಲ್ಲ ಉದುರಿತು. ಕಾರ್ಬುರೇಟರನ್ನು ಮೇಜಿನ ಮೇಲೆ ಬಿಚ್ಚಿ, ಸಣ್ಣ ತೂತುಗಳನ್ನು ಹೊಲಿಗೆ ಸೂಜಿಯಿಂದಲೇ ಬಿಡಿಸಿದಳು. ಸೀಟಿನ ಕವರು ಅವಳಿಗೆ ಎರಡು ಮಧ್ಯಾಹ್ನದ ಕೆಲಸ. ತೊಂದರೆ ಇದ್ದದ್ದು ತಗಡಿನಲ್ಲಿ. ಕಾಲಿಡುವ ನೆಲ ತೂತು, ಎರಡೂ ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ ಮುಟ್ಟಿದರೆ ಪುಡಿ.

ವೆಲ್ಡಿಂಗಿಗೆ ಹಿಂದಿನ ಬೀದಿಯ ವೆಲ್ಡರ್ ಬಂದರು. ಐವತ್ತು ದಾಟಿದ ಮನುಷ್ಯ, ಯಾವುದನ್ನು ತೋರಿಸಿದರೂ ಮೊದಲು "ಇದು ಆಗಲ್ಲ ಅಕ್ಕ" ಎನ್ನುವವರು. ಆಗಲ್ಲ ಎಂದರೆ ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ತಿಳಿಯಬೇಕು ಅನ್ನುವುದು ನಮಗೆ ನಿಧಾನಕ್ಕೆ ಗೊತ್ತಾಯಿತು.

"ಮೇಲೆ ಒಂದು ತಗಡು ಕೂರಿಸಿ ಹೊಡೆದುಬಿಡ್ತೀನಿ ಅಕ್ಕ, ಯಾರಿಗೆ ಕಾಣುತ್ತೆ?" ಎಂದರು ಮೊದಲ ದಿನ.

"ಜೀರ್ಣ ಆಗಿರೋ ಬಟ್ಟೆಗೆ ತೇಪೆ ನಿಲ್ಲಲ್ಲಪ್ಪ. ಗಟ್ಟಿ ಬಟ್ಟೆ ಸಿಗೋವರೆಗೂ ಕತ್ತರಿಸು. ಹೊಸದು ನಾನು ಕೊಡ್ತೀನಿ."

ಕೊಟ್ಟಳು. ಕಂದು ಕಾಗದ ಹಾಸಿ ಬಾಗಿಲ ಕೆಳಗಿನ ಪಟ್ಟಿಗೆ ಪ್ಯಾಟರ್ನ್ ತೆಗೆದಳು, ಅಂಚು ಮಡಿಚಲು ಅರ್ಧ ಇಂಚು ಬಿಟ್ಟಳು, ಸೀಮೆಸುಣ್ಣದಿಂದ ತಗಡಿನ ಮೇಲೆ ಗುರುತು ಹಾಕಿ ತಗಡು ಕತ್ತರಿಯಿಂದ ಕತ್ತರಿಸಿದಳು. ಅಂಗೈಯಲ್ಲಿ ಬೊಬ್ಬೆ ಬಂತು. ಬಲಗಡೆಯ ಪಟ್ಟಿ ಕೈಗವಸಿನ ಹಾಗೆ ಕೂತಿತು. ಅರ್ಧ ಇಂಚಿನ ಆ ಮಡಿಕೆಯನ್ನು ವೆಲ್ಡರ್ ತಮ್ಮ ವೆಲ್ಡಿಂಗ್ ಕಡ್ಡಿಯಿಂದ ಒಂದೆರಡು ಬಾರಿ ತಟ್ಟಿ ನೋಡಿದರು, "ಆಗಲ್ಲ" ಎನ್ನಲಿಲ್ಲ. ಅವರ ಮಟ್ಟಿಗೆ ಅದು ಸನ್ಮಾನ.

ಅದೇ ಕಾಗದವನ್ನು ಮಗುಚಿ ಎಡಗಡೆಗೂ ಒಂದು ಕತ್ತರಿಸಿದಳು. ಬಟ್ಟೆ ಮಡಿಚಿ ಒಮ್ಮೆಲೇ ಎರಡು ತೋಳು ಕತ್ತರಿಸುವವಳಿಗೆ ಅದು ಸಹಜವಾಗಿ ಬರುವ ಕೆಲಸ. ಎಡಗಡೆಯದು ಕೂರಲಿಲ್ಲ. ಒಂದೂಕಾಲು ಇಂಚು ಉದ್ದ.

ವೆಲ್ಡರ್ ಗ್ರೈಂಡರ್ ಎತ್ತಿಕೊಂಡರು. "ಉಳಿದಿದ್ದನ್ನ ಕತ್ತರಿಸಿ ಹಾಕ್ತೀನಿ ಬಿಡಿ."

"ನಿಲ್ಸಪ್ಪ. ಎಡಗಡೆ ಅಳೆದೇ ಇಲ್ಲ ನಾನು." ಅತ್ತೆ ತನ್ನ ತಲೆಗೆ ತಾನೇ ಮೊಟಕಿಕೊಂಡಳು. "ಒಂದು ಭುಜ ಅಳೆದು ಎರಡು ತೋಳು ಕತ್ತರಿಸಿದೆ ನೋಡು! ನನ್ನ ಹತ್ತಿರ ಕಲಿಯೋಕೆ ಬಂದವರು ಯಾರಾದ್ರೂ ಹೀಗೆ ಮಾಡಿದ್ರೆ ಸ್ಕೇಲಲ್ಲಿ ಹೊಡೀತಿದ್ದೆ."

ಮೇಲಿನಿಂದ ಅಪ್ಪ ನೋಡುತ್ತಿದ್ದರು. "ಏನಾಯ್ತು?"

"ಎಡಗಡೆ ಗಿಡ್ಡ ಇದೆ ಅಣ್ಣ, ಕಾರು."

"ಕಾರು ಗಿಡ್ಡ ಇರುತ್ತಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅಪ್ಪ ಒಳಗೆ ಹೋದರು. ಒಳಗೆ ಹೋಗುವಾಗ ಸ್ವಲ್ಪ ಅವಸರವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ನಗುವೇ ಬಂದಿತ್ತು.

ಅತ್ತೆ ಟೇಪು ಬಿಚ್ಚಿದಳು. ಬಲಗಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ, ಬರ್ಕೋ. ಎಡಗಡೆ ಅದೇ, ಬರ್ಕೋ. ಕೆಳಗೆ ತೂರಿ ಮೂಲೆಯಿಂದ ಮೂಲೆಗೆ, ಬರ್ಕೋ. ನಾನು ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಅವಳು ಕಾರಿನಡಿಯಿಂದ ಹೊರಬಂದು ಆ ಚೀಟಿಯನ್ನು ಬಹಳ ಹೊತ್ತು ನೋಡಿದಳು.

"ಹಿಂದುಗಡೆ ಎಲ್ಲ ಸರಿಯಾಗಿದೆ. ಮುಂದಿನ ಎಡಮೂಲೆ ಒಳಗೆ ಬಂದಿದೆ." ಆಮೇಲೆ ಗೇಟಿನ ಕಂಬದತ್ತ ತಿರುಗಿದಳು. "ನಾನು ಗುದ್ದಿದ್ದು ಹಿಂದೆ. ಬಲಕ್ಕೆ."

ವೆಲ್ಡರ್ ಎಡ ಮಡ್‌ಗಾರ್ಡಿನ ಹತ್ತಿರ ಬೆರಳ ಗಂಟಿನಿಂದ ಕುಟ್ಟಿದರು. ಒಂದು ಕಡೆ ತಗಡಿನ ಸದ್ದು, ಅಲ್ಲಿಂದ ಗೇಣು ದೂರಕ್ಕೆ ಗೋಡೆ ಕುಟ್ಟಿದ ಸದ್ದು. ಗ್ರೈಂಡರ್ ಹಿಡಿದರೆ ಬಣ್ಣ ಹೋಗಿ ಬಿಳಿ ಪುಡಿ ಹಾರತೊಡಗಿತು. ಬೆರಳು ದಪ್ಪಕ್ಕೆ ಪುಟ್ಟಿ ಮೆತ್ತಿದ್ದರು. ಅದರ ಹಿಂದೆ ತಗಡು ಹರಿದು ಬಾಯಿ ಬಿಟ್ಟಿತ್ತು. ಆ ಬಾಯಿಗೆ ಒಂದು ಬಟ್ಟೆಯ ಉಂಡೆ ತುರುಕಿತ್ತು.

"ಎಂಥ ಖದೀಮ ಮಾಡಿದ ಕೆಲಸ ಇದು! ತೂತಿಗೆ ಬಟ್ಟೆ ತುಂಬಿ ಮೇಲೆ ಬಳಿದುಬಿಟ್ಟಿದಾನೆ" ಎಂದು ವೆಲ್ಡರ್ ಅದನ್ನು ಎಳೆದು ನೆಲಕ್ಕೆ ಹಾಕಿದರು.

ಅತ್ತೆ ಬಗ್ಗಿ ಎತ್ತಿಕೊಂಡಳು. ಒಣಗಿ ಹಪ್ಪಳದಂತಾಗಿತ್ತು. ಬಿಡಿಸುತ್ತಾ ಬಂದಂತೆ ಒಂದು ಕಾಲರು ಕಂಡಿತು, ಆಮೇಲೆ ಮುಂಭಾಗ. ಹಸಿರು ಬಟ್ಟೆ, ಕಂದು ದಾರದಲ್ಲಿ ಕೈಯಿಂದ ಹೊಲಿದ ಕಾಜಗಳು. ಗುಂಡಿಗಳಿದ್ದದ್ದು ಎಡಕ್ಕೆ, ಕಾಜ ಬಲಕ್ಕೆ. ಹೆಂಗಸರ ಅಂಗಿಗೆ ಹಾಕುವ ಹಾಗೆ.

ಅವಳು ಅಲ್ಲೇ ಮಗುಚಿದ ಬಕೆಟ್ಟಿನ ಮೇಲೆ ಕೂತಳು.

"ಇದು ನಾನು ಹೊಲಿದಿದ್ದು" ಎಂದಳು.

ವೆಲ್ಡರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಯಾಕೆಂದರೆ ಆ ಅಂಗಿಯ ಕಥೆಯೂ ಮನೆಯಲ್ಲಿ ಬಾಯಿಪಾಠ. ಅತ್ತೆ ಗಂಡಸರ ಅಂಗಿ ಹೊಲಿದದ್ದು ಮೊದಲು ಅಣ್ಣನಿಗೆ. ಅಲ್ಲಿಯವರೆಗೆ ಹೆಂಗಸರ ಬಟ್ಟೆ ಮಾತ್ರ ಕಲಿತಿದ್ದರಿಂದ ಗುಂಡಿ ಉಲ್ಟಾ ಹಾಕಿದ್ದಳು, ಹಸಿರು ದಾರ ಮುಗಿದು ಕಂದು ದಾರದಲ್ಲಿ ಕಾಜ ಮಾಡಿದ್ದಳು. ಅಪ್ಪ ಅದನ್ನು ಹಾಕಿಕೊಂಡು ಸ್ನೇಹಿತರ ಜೊತೆ ಕಾರಿನಲ್ಲಿ ಪ್ರವಾಸ ಹೋದರು, ಒಂದು ದಿನ ತಡವಾಗಿ ಬಂದರು, ಅಂಗಿ ಹೊಳೆಯಲ್ಲಿ ಕೊಚ್ಚಿಕೊಂಡು ಹೋಯಿತು ಎಂದರು. ಅದಾಗಿ ನಾಲ್ಕನೇ ದಿನಕ್ಕೆ ಅತ್ತೆ ಕಂಬಕ್ಕೆ ಗುದ್ದಿದ್ದು.

ಹೊಳೆಗೆ ಹೋದ ಅಂಗಿ ಮಡ್‌ಗಾರ್ಡಿನ ಹಿಂದೆ ಸಿಕ್ಕಿತ್ತು. ಬೆಣ್ಣೆ ತಿಂದವರು ಯಾರು, ಯಾವ ಮೇಕೆಯ ಬಾಯಿಗೆ ಒರೆಸಿದರು ಎಂದು ನನಗಿನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾನು ಮೆಟ್ಟಿಲ ಕಡೆ ಹೊರಟೆ. ಅಪ್ಪ ಅನ್ನುವುದನ್ನೂ ನೋಡದೆ ಕೇಳಬೇಕೆಂದಿದ್ದೆ. ಅತ್ತೆ ನನ್ನ ಚೂಡಿದಾರದ ತುದಿ ಹಿಡಿದು ನಿಲ್ಲಿಸಿದಳು.

"ಸುಮ್ನಿರು. ಗಿರಾಕಿ ನಂದು."

ಆ ವಾರ ಕಾರಿನ ಕೆಲಸ ನಿಂತಿತು. ಅತ್ತೆ ಅಂಗಿಯನ್ನು ಎರಡು ದಿನ ನೀರಿನಲ್ಲಿ ನೆನೆಸಿದಳು. ತುಕ್ಕಿನ ಕಲೆ ಹೋಗದಿದ್ದರೂ ಬಟ್ಟೆ ಮೆತ್ತಗಾಯಿತು. ಒಂದು ತೋಳು ಪುಟ್ಟಿಗೆ ಅಂಟಿ ಹಾಳಾಗಿತ್ತು. ಕಾರಿಗೆ ಹೇಳಿದ್ದನ್ನೇ ಅಂಗಿಗೂ ಮಾಡಿದಳು: ಗಟ್ಟಿ ಬಟ್ಟೆ ಸಿಗುವವರೆಗೆ ಕತ್ತರಿಸಿ, ಹತ್ತಿರದ ಹಸಿರಿನಲ್ಲಿ ಹೊಸ ತೋಳು ಕೂಡಿಸಿದಳು. ಮಗ್ಗುಲಿನ ಹೊಲಿಗೆ ಬಿಚ್ಚಿ ನೋಡಿ ನಕ್ಕಳು. "ನೋಡೇ, ಆಗ್ಲೇ ಎರಡೆರಡು ಇಂಚು ಒಳಗೆ ಬಿಟ್ಟಿದೀನಿ. ಮೊದಲನೇ ಅಂಗಿಗೇ." ಅಷ್ಟನ್ನೂ ಬಿಡಿಸಿ ಅಗಲ ಮಾಡಿದಳು. ಗುಂಡಿಯ ತಪ್ಪನ್ನು ಮಾತ್ರ ಮುಟ್ಟಲಿಲ್ಲ. ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ, ತಯಾರಾದ ಬಟ್ಟೆಗಳ ಸಾಲಿನಲ್ಲಿ ತೂಗುಹಾಕಿದಳು.

ಅಪ್ಪ ತಮ್ಮ ಪ್ಯಾಂಟು ತೆಗೆದುಕೊಳ್ಳಲು ಬಂದದ್ದು ಶನಿವಾರ ಬೆಳಿಗ್ಗೆ. ನಾನು ಬೇಕೆಂದೇ ಗುಂಡಿ ಡಬ್ಬ ಜೋಡಿಸುತ್ತಾ ಕೂತಿದ್ದೆ. ಅವರು ಹ್ಯಾಂಗರುಗಳನ್ನು ಒಂದೊಂದಾಗಿ ಸರಿಸಿದರು. ಬಿಳಿ, ನೀಲಿ, ಗೀರುಗೀರಿನದು, ಹಸಿರು. ಅಲ್ಲಿ ಕೈ ನಿಂತಿತು. ಇನ್ನೊಂದು ಕೈ ತಾನಾಗಿಯೇ ಹೋಗಿ ತಾವು ಹಾಕಿಕೊಂಡಿದ್ದ ಅಂಗಿಯ ಗುಂಡಿಯನ್ನು ಮುಟ್ಟಿ ನೋಡಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತು.

"ಟ್ರಯಲ್ ನೋಡ್ಕೋ ಅಣ್ಣ" ಎಂದಳು ಅತ್ತೆ, ಮೆಷಿನ್ನಿನಿಂದ ತಲೆ ಎತ್ತದೆ.

ಅಪ್ಪ ಸ್ಟೂಲಿನ ಮೇಲೆ ಕೂತರು. ಹೆಡ್ ಮಾಸ್ತರು ಅಷ್ಟು ಮುದುಡಿ ಕೂತದ್ದನ್ನು ನಾನು ನೋಡಿರಲಿಲ್ಲ.

"ಸೇತುವೆ ಗೋಡೆಗೆ ಹೊಡೆದೆ" ಎಂದರು. "ಮಂಜಿತ್ತು. ಎಡಗಡೆ ಚಕ್ರ ಒಳಗೆ ಹೋಯ್ತು. ಅಲ್ಲೇ ಒಬ್ಬ ಹೇಗೋ ಎಳೆದು ಸರಿ ಮಾಡಿಕೊಟ್ಟ. ತೂತಿಗೆ ಬಟ್ಟೆ ಕೊಡಿ ಅಂದ. ನನ್ನ ಹತ್ತಿರ ಬೇರೆ ಇರಲಿಲ್ಲ."

"ಹೊಲಿದು ವಾರ ಆಗಿರಲಿಲ್ಲ ಅದು."

"ಗೊತ್ತು."

ಮೆಷಿನ್ನು ನಿಂತಿತು. "ಒಂದೇ ಒಂದು ಕೇಳ್ತೀನಿ. ಅಲ್ಲಿವರೆಗೆ ನೂರು ಸಲ ಬೇಡಿಕೊಂಡರೂ ಕಲಿಸದವನು, ಅವತ್ತು ನೀನಾಗೇ ಬಾ ಕಲಿಸ್ತೀನಿ ಅಂತ ಕರೆದೆ. ಬೇಕೂಂತಲೇ ಕರೆದ್ಯಾ?"

"ಇಲ್ಲ!" ಅಪ್ಪ ಎದ್ದೇ ನಿಂತರು. "ಅಷ್ಟು ಕೆಟ್ಟವನಲ್ಲ ನಾನು. ಅಂಗಿ ಎಲ್ಲಿ ಅಂತ ನೀನು ದಿನಾ ಕೇಳ್ತಿದ್ದೆ. ಹೊಳೆ ಅಂದೆ. ಆಮೇಲೆ ನಿನ್ನ ಮುಖ ನೋಡೋಕಾಗದೆ ಏನಾದ್ರೂ ಕೊಡೋಣ ಅಂತ ಕಾರು ಕಲಿಸ್ತೀನಿ ಅಂದೆ. ನೀನು ಕಂಬಕ್ಕೆ ಗುದ್ದಿದೆ. ಅಪ್ಪ ಬಂದು ಬಂಪರ್ ನೋಡಿದ್ರು. ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಮೇಲೆ ಬಿಡೋಕೆ ಆಗಲಿಲ್ಲ. ಒಂದು ವರ್ಷ ಆದಮೇಲೆ ಹೇಗೆ ಹೇಳೋದು? ಹತ್ತು ವರ್ಷ ಆದಮೇಲೆ?"

ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ಯಾವ ಔಷಧಿ ಚೀಟಿಯಲ್ಲೂ ಬರೆದಿರುವುದಿಲ್ಲ. ಗುಂಡಿ ಡಬ್ಬದ ಮುಚ್ಚಳ ಹಾಕಿದೆ.

ಅತ್ತೆಯ ಕಣ್ಣು ತುಂಬಿತ್ತು. ಆಮೇಲೆ ಟೇಪಿನ ತುದಿಯಿಂದ ಒರೆಸಿಕೊಂಡು, ಗಿರಾಕಿಗಳ ಜೊತೆ ಮಾತಾಡುವ ದನಿಯಲ್ಲೇ ಹೇಳಿದಳು. "ಕಾರು ಹೊರಗೆ ಬರೋ ದಿನ ಈ ಅಂಗಿ ಹಾಕ್ಕೊಂಡು ಗೇಟ್ ಹತ್ತಿರ ನಿಂತ್ಕೋಬೇಕು. ಯಾರಾದ್ರೂ ಕೇಳಿದ್ರೆ ಇದು ಎಲ್ಲಿತ್ತು ಅಂತ ಹೇಳಬೇಕು. ಅಷ್ಟು ಮಾಡು, ಸಾಕು."

"ಬೀದಿಯವರ ಮುಂದೆನಾ?"

"ನನ್ನನ್ನ ನೋಡಿ ನಕ್ಕಿದ್ದು ಬೀದಿಯವರ ಮುಂದೆ ತಾನೇ?"

ಅಪ್ಪ ಪ್ಯಾಂಟನ್ನು ಅಲ್ಲೇ ಬಿಟ್ಟು ಹೋದರು. ಅಂಗಿಯನ್ನು ತೆಗೆದುಕೊಂಡು ಹೋದರು.

ಮುಂದಿನ ವಾರ ವೆಲ್ಡರಿಗೆ ಅತ್ತೆ ಹೊಸ ಕೆಲಸ ಹೇಳಿದಳು. ಎಡಮೂಲೆಯನ್ನು ಎಳೆದು ಮೊದಲಿದ್ದಲ್ಲಿಗೆ ತರಬೇಕು. "ಇದು ಮಾತ್ರ ಖಂಡಿತ ಆಗಲ್ಲ ಅಕ್ಕ" ಎಂದರು. ಎರಡು ದಿನ ಬಿಟ್ಟು ದಪ್ಪ ಸರಪಳಿಗಳೊಂದಿಗೆ ಬಂದರು. ಕಾರನ್ನು ಅಂಗಳಕ್ಕೆ ತಳ್ಳಿ, ಹಿಂಭಾಗವನ್ನು ಗೇಟಿನ ಕಂಬಕ್ಕೇ ಬಿಗಿದರು. ಮುಂದಿನ ಮೂಲೆಗೆ ಇನ್ನೊಂದು ಸರಪಳಿ ಹಾಕಿ, ಶೆಡ್ಡಿನ ಪಕ್ಕದ ಮರಕ್ಕೆ ಕಟ್ಟಿದ ರಾಟೆಯಿಂದ ಎಳೆಯುವುದು. ಅವತ್ತು ಏಟು ತಿಂದ ಕಂಬವೇ ಇವತ್ತು ಕಾರನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸರಪಳಿ ಕಿತ್ತರೆ ಹಾರಬಾರದೆಂದು ಅದರ ಮೇಲೆ ಹಳೆಯ ರಗ್ಗು ಹೊದಿಸಿ, ನಮ್ಮನ್ನು ದೂರ ನಿಲ್ಲಿಸಿದರು. ತಗಡಿಗೆ ಬೆಂಕಿ ತೋರಿಸಿ ಕಾಯಿಸುವುದು, ನಾಲ್ಕು ಕೊಂಡಿ ಎಳೆಯುವುದು, ನಿಲ್ಲಿಸಿ ಸರಪಳಿ ಸಡಿಲಿಸುವುದು, ಅತ್ತೆ ಅಳೆಯುವುದು. ಒಂದಿಂಚು ಕಡಿಮೆ, ಬರ್ಕೋ. ಮುಕ್ಕಾಲು, ಬರ್ಕೋ. ಅರ್ಧ. ಮಧ್ಯಾಹ್ನದ ಹೊತ್ತಿಗೆ ಕಾಲು. ನಾಲ್ಕು ಗಂಟೆಗೆ ಕಾರು ಒಮ್ಮೆ ನರಳಿತು, ಎರಡೂ ಬದಿಯ ಅಳತೆ ಒಂದಾಯಿತು.

ಅತ್ತೆ ಶೆಡ್ಡಿಗೆ ಹೋಗಿ, ಮೂಲೆಯಲ್ಲಿ ಒರಗಿಸಿಟ್ಟಿದ್ದ ಎಡಗಡೆಯ ತಗಡಿನ ಪಟ್ಟಿ ತಂದಳು. ಬಲಗಡೆ ಅಳೆದು ಎಡಗಡೆಗೆ ಕತ್ತರಿಸಿದ್ದ, ಒಂದೂಕಾಲು ಇಂಚು ಉದ್ದವಾಗಿದ್ದ ಅದೇ ಪಟ್ಟಿ. ಬಾಗಿಲ ಕೆಳಗೆ ಇಟ್ಟು ಅಂಗೈಯಿಂದ ಒಮ್ಮೆ ತಟ್ಟಿದಳು. ಅದು ಕೂತುಕೊಂಡಿತು. ವೆಲ್ಡರ್ ಮಸಿ ಹಿಡಿದ ಕನ್ನಡಕ ಹಣೆಗೇರಿಸಿ ಒಂದು ನಿಮಿಷ ನೋಡಿದರು.

"ಅಕ್ಕ, ನೀವು ತಪ್ಪು ಕತ್ತರಿಸಿರಲಿಲ್ಲ."

"ಗೊತ್ತಪ್ಪ" ಎಂದಳು ಅತ್ತೆ.

ಉಳಿದದ್ದು ತಾಳ್ಮೆಯ ಕೆಲಸ. ಪ್ರೈಮರು, ಬಣ್ಣ, ಬ್ರೇಕು, ವಯರುಗಳು. ನಡುವೆ ಅತ್ತೆ ಡ್ರೈವಿಂಗ್ ಶಾಲೆಗೂ ಸೇರಿದಳು. ಅಲ್ಲಿ ಮಿಕ್ಕವರೆಲ್ಲ ಹದಿನೆಂಟು ಹತ್ತೊಂಬತ್ತರವರು, ಇವಳನ್ನು ಯಾರದೋ ಅಜ್ಜಿ ಜೊತೆಗೆ ಬಂದಿದ್ದಾರೆ ಎಂದುಕೊಂಡು ಕುರ್ಚಿ ಕೊಟ್ಟರಂತೆ. ಮೊದಲ ಪರೀಕ್ಷೆಯಲ್ಲಿ ಫೇಲಾದಳು, ಅದೂ ಮುಂದಕ್ಕೆ ಓಡಿಸುವುದರಲ್ಲಿ. ಹಿಂದಕ್ಕೆ ತೆಗೆಯುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ಎರಡನೇ ಸಲ ಪಾಸಾದಳು. ಲೈಸೆನ್ಸಿನ ಫೋಟೋದಲ್ಲೂ ಕೊರಳಲ್ಲಿ ಟೇಪು ಇದೆ.

ಹದಿನಾಲ್ಕು ತಿಂಗಳಿಗೆ ಕಾರು ತಯಾರಾಯಿತು. ಒಂದು ಭಾನುವಾರ ಬೆಳಿಗ್ಗೆ ಎಂಜಿನ್ನಿನ ಸದ್ದು ಕೇಳಿದ್ದೇ ತಡ, ಬೀದಿಗೆ ಬೀದಿಯೇ ಗೇಟಿನ ಮುಂದೆ ನೆರೆಯಿತು. ವೆಲ್ಡರ್ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. "ಗೇಟ್ ದಾಟಿಸೋವರೆಗೆ ನಾನು ತೆಗೀಲಾ ಅಕ್ಕ?" ಎಂದು ಒಂದು ಮಾತಿಗೆ ಕೇಳಿದರು. ಅತ್ತೆ ಅವರನ್ನು ನೋಡಿದ ರೀತಿಗೆ ಮತ್ತೆ ಕೇಳಲಿಲ್ಲ.

ಅಪ್ಪ ಇನ್ನೂ ಕೆಳಗೆ ಬಂದಿರಲಿಲ್ಲ. ಬರುವುದಿಲ್ಲವೇನೋ ಎಂದು ನಾನು ಮೆಟ್ಟಿಲ ಕಡೆಯೇ ನೋಡುತ್ತಿದ್ದೆ. ಅತ್ತೆ ಮೆಟ್ಟಿಲ ಕಡೆ ನೋಡದೆ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು, ಒಂದೇ ಕನ್ನಡಿಯನ್ನು ನಾಲ್ಕು ಸಲ.

ದಿನಸಿ ಅಂಗಡಿಯವರು ಎಂದಿನಂತೆ ಕೂಗಿದರು. "ಟೇಪಮ್ಮಾ, ಕಂಬ ಜೋಪಾನ!"

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅಪ್ಪ ಮೆಟ್ಟಿಲಿಳಿದು ಬಂದರು. ಹಸಿರು ಅಂಗಿ, ಒಂದು ತೋಳು ಬೇರೆ ಹಸಿರು, ಹೊಟ್ಟೆಯ ಹತ್ತಿರ ಬಿಗಿ, ತುಕ್ಕಿನ ಕಲೆ, ಗುಂಡಿ ಉಲ್ಟಾ. ಇಸ್ತ್ರಿ ಗೆರೆ ಕೆಡದ ಬಿಳಿ ಅಂಗಿ ಬಿಟ್ಟು ಬೇರೆ ಏನನ್ನೂ ತೊಡದ ಮನುಷ್ಯ. ನಗು ನಿಂತಿತು.

"ಇದೇನು ಸರ್ ಈ ಅಂಗಿ?" ಎಂದರು ದಿನಸಿ ಅಂಗಡಿಯವರು.

ಅಪ್ಪ ಗೇಟಿನ ಕಂಬದ ಪಕ್ಕ ನಿಂತರು. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಮಾತಾಡುತ್ತಿದ್ದ ದನಿಯಲ್ಲಿ, ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದರು.

"ಇದು ಈ ಕಾರಿನ ಒಳಗೆ ಇತ್ತು. ನಲವತ್ತೊಂದು ವರ್ಷ. ನಾನು ಸೇತುವೆಗೆ ಗುದ್ದಿ, ತೂತಿಗೆ ಇದನ್ನ ತುರುಕಿಸಿ, ಬಣ್ಣ ಹೊಡೆಸಿಕೊಂಡು ಬಂದಿದ್ದೆ. ಕಾರು ಕೆಡಿಸಿದ್ದು ನಾನು. ಗೂಬೆ ಕೂರಿಸಿದ್ದು ನನ್ನ ತಂಗಿ ತಲೆ ಮೇಲೆ. ಅವಳು ಮುರಿದಿದ್ದು ಬರೀ ಒಂದು ಬಂಪರ್."

ದಿನಸಿ ಅಂಗಡಿಯವರು ತಮ್ಮ ಚಪ್ಪಲಿ ನೋಡಿಕೊಂಡರು. ಅಮ್ಮ ಮಹಡಿಯ ಕಟ್ಟೆಯಿಂದ ಜೋರಾಗಿ "ಹೂಂ" ಎಂದಳು, ಜೀವನದಲ್ಲಿ ಮೊದಲ ಸಲ.

ಅತ್ತೆ ಗೇರು ಹಾಕಿದಳು. ಕಾರು ಹಿಂದಕ್ಕೆ ಬಂತು, ನಿಧಾನವಾಗಿ, ಗೆರೆ ಎಳೆದ ಹಾಗೆ ನೇರ. ಅಪ್ಪ ಕೈಸನ್ನೆ ಮಾಡಲು ಕೈ ಎತ್ತಿದವರು ಹಾಗೇ ಇಳಿಸಿದರು, ಅದರ ಅಗತ್ಯ ಇರಲಿಲ್ಲ. ಹಿಂದಿನ ಬಂಪರು ಕಂಬವನ್ನು ದಾಟಿತು, ಬಾಗಿಲು ಕಂಬದ ಸಮಕ್ಕೆ ಬಂತು. ಅಲ್ಲಿ ಅವಳು ಬ್ರೇಕು ಹಾಕಿ ನಿಲ್ಲಿಸಿಬಿಟ್ಟಳು. ಏನಾಯಿತೋ ಎಂದು ವೆಲ್ಡರ್ ಓಡಿ ಬಂದರು.

ಅತ್ತೆ ಗಾಜು ಇಳಿಸಿ, ಕೊರಳಿನಿಂದ ಟೇಪು ತೆಗೆದು ತುದಿಯನ್ನು ಕಂಬಕ್ಕೆ ಒತ್ತಿ ಹಿಡಿದಳು. ಗಾರೆ ಉದುರಿದ ಜಾಗ ಈಗಲೂ ಹಾಗೇ ಇತ್ತು. ಟೇಪನ್ನು ಬಾಗಿಲವರೆಗೆ ಎಳೆದು ಓದಿದಳು.

"ಎಂಟೂವರೆ ಇಂಚು. ಅಣ್ಣ, ಬರ್ಕೋ."

ಅಪ್ಪ ಕಾಗದಕ್ಕಾಗಿ ಜೇಬು ತಡಕಿದರು. ಆ ಅಂಗಿಗೆ ಜೇಬಿರಲಿಲ್ಲ. ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಅಂಗೈಯ ಮೇಲೆ ಬರೆದುಕೊಂಡರು.